ಹುಬ್ಬಳ್ಳಿಯಿಂದ ಪ್ರಾಗ್‌ಗೆ, ಒಂದು ಪೈಥಾನ್ ಸಮ್ಮೇಳನಕ್ಕೆ

ಹೊರಡುವ ಮೊದಲು

ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಯುರೋಪಿನಲ್ಲಿ ವರ್ಷಕ್ಕೊಮ್ಮೆ ಸೇರುವ ದೊಡ್ಡ ಸಮ್ಮೇಳನ ಯೂರೋಪೈಥಾನ್. 2002ರಲ್ಲಿ ಬೆಲ್ಜಿಯಂನಲ್ಲಿ ಶುರುವಾದದ್ದು. 2025ರಲ್ಲಿ ಅದು ಜುಲೈ 14ರಿಂದ 20ರವರೆಗೆ ಜೆಕ್ ದೇಶದ ಪ್ರಾಗ್‌ನಲ್ಲಿ ನಡೆಯಿತು. ನಾನು ಹುಬ್ಬಳ್ಳಿಯಿಂದ ಹೋಗಿ ಬಂದೆ.

ಟಿಕೆಟ್ ಲೆಕ್ಕದಷ್ಟೇ ಇರುತ್ತವೆ. ಸಭಾಂಗಣದಲ್ಲಿ ಎಷ್ಟು ಕುರ್ಚಿಯೋ ಅಷ್ಟೇ ಜನ. ಮೊದಲ ಎರಡು ದಿನದ ಟ್ಯುಟೋರಿಯಲ್‌ಗಳು, ಅಂದರೆ ಕಲಿಸುವ ತರಗತಿಗಳು, ಸಣ್ಣ ಕೋಣೆಗಳಲ್ಲಿ ನಡೆಯುವುದರಿಂದ ಅಲ್ಲಿ ಜಾಗ ಇನ್ನೂ ಕಡಿಮೆ. ನಮ್ಮಂಥವರಿಗೆ ಇದರ ಮೇಲೆ ಇನ್ನೊಂದು ತೊಡಕು. ವೀಸಾ ಅರ್ಜಿಗೆ ಸಮ್ಮೇಳನದ ಟಿಕೆಟ್ ಜೋಡಿಸಬೇಕು. ಅಂದರೆ ವೀಸಾ ಸಿಗುತ್ತೋ ಇಲ್ವೋ ಗೊತ್ತಾಗುವ ಮೊದಲೇ ದುಡ್ಡು ಕಟ್ಟಬೇಕು. ವೀಸಾ ಬಂದಮೇಲೆ ನೋಡೋಣ ಅಂತ ಕೂತರೆ ಟಿಕೆಟ್ ಇರಲ್ಲ. ನಾನು ಟಿಕೆಟ್ ಮಾರಾಟ ತೆರೆದ ದಿನವೇ ಸ್ವಂತ ಖರ್ಚಿನವರಿಗೆ ಇರುವ ದರದಲ್ಲಿ ಒಂದು ತೆಗೆದುಕೊಂಡೆ. ಟ್ಯುಟೋರಿಯಲ್ ಬಿಟ್ಟು, ಬುಧವಾರದಿಂದ ಭಾಷಣಗಳಿಗೆ ಮತ್ತು ವಾರಾಂತ್ಯದ ಸ್ಪ್ರಿಂಟ್‌ಗೆ (ಒಟ್ಟಿಗೆ ಕೂತು ಕೋಡ್ ಬರೆಯುವುದಕ್ಕೆ) ಮಾತ್ರ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಮುಂಚೆಯೇ ಆನ್ ಮಾಡಿಸಿ ಇಟ್ಟಿದ್ದೆ. ನಮ್ಮ ಬ್ಯಾಂಕುಗಳು ಕೊಡುವ ಹೊಸ ಕಾರ್ಡಿನಲ್ಲಿ ಅದು ಬಂದ್ ಆಗಿಯೇ ಬರುತ್ತದೆ. ಆ ಹೊತ್ತಿಗೆ ಹುಡುಕುತ್ತಾ ಕೂರಲು ಆಗಲ್ಲ.

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ 90 ಯೂರೋ ಶುಲ್ಕ, 30,000 ಯೂರೋ ಮೊತ್ತದ ಪ್ರವಾಸ ವಿಮೆ, ಬ್ಯಾಂಕ್ ಲೆಕ್ಕ, ಬೆರಳಚ್ಚು. ಬೆರಳಚ್ಚಿಗೆ ಬೆಂಗಳೂರಿಗೇ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೇಸಿಗೆಯ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಆದಷ್ಟು ಬೇಗ ಹಾಕುವುದೇ ಒಳ್ಳೆಯದು.

ನಮ್ಮ ಆಫೀಸಿನ ಗದಗಿನ ಹುಡುಗಿಯೂ ಬರಬೇಕಿತ್ತು. ಅವಳ ಪಾಸ್‌ಪೋರ್ಟ್ ಆ ಹೊತ್ತಿಗೆ ಕೈಗೆ ಬರಲಿಲ್ಲ. "ಅಕ್ಕಾ, ನೀವಾದ್ರೂ ಹೋಗಿ ಬರ್ರಿ. ನಮ್ಮ ಒತ್ತಕ್ಷರದ ವಿಷಯ ಅಲ್ಲಿ ಹೇಳಿ ಬರ್ರಿ" ಅಂದಳು.

ಒತ್ತಕ್ಷರದ ವಿಷಯ ಅಂದರೆ ಇದು. ನಾವು ಸಹಕಾರಿ ಸಂಘಗಳಿಗೆ ಸದಸ್ಯರ ಪಟ್ಟಿ, ಗುರುತಿನ ಚೀಟಿ ಮಾಡಿಕೊಡುವ ಪ್ರೋಗ್ರಾಂ ಬರೆಯುತ್ತೇವೆ. ಚೀಟಿಯಲ್ಲಿ ಹೆಸರಿಗೆ ಇಷ್ಟು ಅಕ್ಷರ ಅಂತ ಜಾಗ ಇರುತ್ತದೆ. ಕಂಪ್ಯೂಟರ್ ಕನ್ನಡವನ್ನು ನಾವು ಎಣಿಸಿದ ಹಾಗೆ ಎಣಿಸುವುದಿಲ್ಲ. 'ಹುಬ್ಬಳ್ಳಿ' ನಮಗೆ ಮೂರು ಅಕ್ಷರ. ಪೈಥಾನ್‌ಗೆ ಕೇಳಿದರೆ 9 ಅನ್ನುತ್ತದೆ. ಹ, ಉಕಾರ, ಬ, ಹಲಂತ (ಬ ಅನ್ನು ಬ್ ಮಾಡುವ ಗುರುತು), ಮತ್ತೆ ಬ, ಹೀಗೆ ಒಂದೊಂದು ತುಣುಕೂ ಅದಕ್ಕೆ ಒಂದೊಂದು. ನಾಲ್ಕಕ್ಕೆ ಕತ್ತರಿಸು ಅಂದರೆ 'ಹುಬ್' ಅಂತ ಅರ್ಧಕ್ಕೆ ನಿಲ್ಲಿಸುತ್ತದೆ. ಜನರ ಹೆಸರುಗಳು ಹೀಗೆ ತುಂಡಾಗಿ ಚೀಟಿಯ ಮೇಲೆ ಅಚ್ಚಾಗುವುದನ್ನು ನೋಡಿ ನನಗೆ ಬಹಳ ಬೇಜಾರಾಗಿತ್ತು. ಹೆಸರು ಅಂದರೆ ಮನುಷ್ಯನ ಮರ್ಯಾದೆ, ಅಲ್ವಾ?

ಭಾನುವಾರ: ಹುಬ್ಬಳ್ಳಿ, ಬೆಂಗಳೂರು

ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಅವ್ವ ಹಿಂದಿನ ದಿನವೇ ಕಡಕ್ ರೊಟ್ಟಿ ಕಟ್ಟಿ ಇಟ್ಟಿದ್ದಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಶೇಂಗಾ ಉಂಡೆ ಬೇರೆ. ಲೈನ್ ಬಜಾರಿನ ಪೇಡೆ ತರಿಸಿದ್ದಳು. ಅದನ್ನು ಮಾತ್ರ ಬಿಟ್ಟು ಹೋಗಬೇಕಾಯಿತು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ಯುರೋಪ್ ಒಕ್ಕೂಟದ ಒಳಗೆ ತರುವಂತಿಲ್ಲ. ಪೇಡೆ, ಕುಂದಾ, ತುಪ್ಪ ಎಲ್ಲ ಇದರಲ್ಲೇ ಬರುತ್ತವೆ. ಧಾರವಾಡದಿಂದ ಹೋಗುವವರು ಇದನ್ನು ನೆನಪಿಡಬೇಕು, ಯಾಕೆಂದರೆ ನಮ್ಮ ಕಡೆ ಪೇಡೆ ಇಲ್ಲದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಶೇಂಗಾ ಉಂಡೆಗೆ ಬರೀ ಶೇಂಗಾ, ಬೆಲ್ಲ, ಏಲಕ್ಕಿ. ಅದಕ್ಕೆ ತೊಂದರೆ ಇಲ್ಲ.

"ಅಲ್ಲಿ ಮಾತಾಡೂದೆಲ್ಲಾ ಫೋನಿನ್ಯಾಗ ಕಾಣತದ ಅಂತಿ. ಮತ್ತ ಇಷ್ಟು ದೂರ ಯಾಕ ಹೊಂಟಿ?" ಅಂತ ಅವ್ವ ಕೇಳಿದಳು. ನಿಜ, ಎಲ್ಲ ಭಾಷಣಗಳ ವಿಡಿಯೋ ಆಮೇಲೆ ಯೂಟ್ಯೂಬ್‌ಗೆ ಬರುತ್ತದೆ. ದುಡ್ಡು ಕೊಡುವುದೇ ಬೇಡ. "ನಾ ಕೇಳಾಕಷ್ಟ ಹೊಂಟಿಲ್ಲವಾ, ಹೇಳಾಕ ಹೊಂಟೀನಿ" ಅಂದೆ.

ಮಧ್ಯಾಹ್ನದ ವಂದೇ ಭಾರತ್. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ಚೀಲ ಎಳೆದುಕೊಂಡು ನಡೆಯುವವರು ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಮುಂಚೆ ಕೇಳಿಕೊಳ್ಳಬೇಕು. ಪಕ್ಕದ ಸೀಟಿನಲ್ಲಿ ದಾವಣಗೆರೆಗೆ ಹೊರಟ ಹಿರಿಯರೊಬ್ಬರು. ಊರು ಬ್ಯಾಡಗಿ, ಮೆಣಸಿನಕಾಯಿ ವ್ಯಾಪಾರ. ಕಿಟಕಿಯ ಹೊರಗೆ ಹಸಿ ಕರಿಮಣ್ಣು, ಮೊಣಕಾಲೆತ್ತರದ ಗೋವಿನಜೋಳ. ಹಾವೇರಿ ದಾಟುವಾಗ ಅವರು ಕೇಳಿದರು, "ಎಲ್ಲಿಗೆ ಹೊಂಟೀಯವಾ ತಂಗಿ?"

ಹೇಳಿದೆ. ಒತ್ತಕ್ಷರದ ಕಥೆಯನ್ನೂ ಹೇಳಿದೆ. ಅವರು ಸುಮ್ಮನೆ ಕಿಸೆಯಿಂದ ಒಂದು ಚೀಟಿ ತೆಗೆದು ಕೊಟ್ಟರು. ಹೆಸರಿನ ಜಾಗದಲ್ಲಿ 'ಮಲ್ಲಿಕಾರ್' ಅಂತ ಇತ್ತು. "ನನ್ನ ಹೆಸರು ಮಲ್ಲಿಕಾರ್ಜುನಪ್ಪ. ಜುನಪ್ಪ ಎಲ್ಲಿ ಹೋದ ಅಂತ ಕೇಳಿದ್ರ, ಕಂಪ್ಯೂಟರಿನ್ಯಾಗ ಅಷ್ಟ ಹಿಡಿತೈತ್ರಿ ಅಂದ್ರು" ಅಂದರು. ಅವರು ನಗಲಿಲ್ಲ, ನಾನೂ ನಗಲಿಲ್ಲ. ಕೇಳಿ ಒಪ್ಪಿಗೆ ಪಡೆದು ಆ ಅರ್ಧ ಹೆಸರನ್ನು ನನ್ನ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ದಾವಣಗೆರೆಯಲ್ಲಿ ಇಳಿಯುವಾಗ "ಗೆದ್ದು ಬಾ ತಂಗಿ" ಅಂದರು. ಸ್ಪರ್ಧೆ ಅಲ್ಲ ಅಂತ ಹೇಳಲು ಮನಸ್ಸಾಗಲಿಲ್ಲ.

ಸೋಮವಾರ: ಪ್ರಾಗ್

ಬೆಂಗಳೂರಿನಿಂದ ಪ್ರಾಗ್‌ಗೆ ನೇರ ವಿಮಾನ ಇಲ್ಲ. ಕೊಲ್ಲಿ ದೇಶದಲ್ಲಿ ಇಳಿದು ಹತ್ತಿ, ಪ್ರಾಗ್‌ನಲ್ಲಿ ಇಳಿದಾಗ ನಾನು ಬಂದಿದ್ದೆ, ಚೀಲ ಬಂದಿರಲಿಲ್ಲ. ಬೆಲ್ಟ್ ಖಾಲಿ ತಿರುಗುತ್ತಾ ನಿಂತೇಹೋಯಿತು. ನನ್ನ ಹಾಗೆಯೇ ಇನ್ನೂ ಕೆಲವರು. ಅಲ್ಲೇ ಕೌಂಟರ್‌ನಲ್ಲಿ ದೂರು ಬರೆಸಿ, ಅದರ ನಂಬರ್ ಇರುವ ಕಾಗದ ತೆಗೆದುಕೊಂಡೇ ಹೊರಗೆ ಬರಬೇಕು. ಹೊರಗೆ ಬಂದಮೇಲೆ ಅದು ಬಹಳ ಕಷ್ಟ. ಒಂದು ಜೊತೆ ಬಟ್ಟೆ, ಚಾರ್ಜರ್, ಲ್ಯಾಪ್‌ಟಾಪ್ ಹೆಗಲ ಚೀಲದಲ್ಲಿದ್ದವು. ರೊಟ್ಟಿ ಮಾತ್ರ ಎಲ್ಲೋ ನಡುದಾರಿಯಲ್ಲಿ ಉಳಿದಿತ್ತು.

ವಿಮಾನ ನಿಲ್ದಾಣಕ್ಕೆ ಮೆಟ್ರೋ ಇಲ್ಲ. 59ನೇ ನಂಬರಿನ ಟ್ರಾಲಿ ಬಸ್ ಹತ್ತಿ ವೆಲೆಸ್ಲಾವಿನ್ ನಿಲ್ದಾಣಕ್ಕೆ ಬಂದು, ಅಲ್ಲಿಂದ ಹಸಿರು ಬಣ್ಣದ ಎ ಲೈನ್, ಮುಜೇಯುಮ್‌ನಲ್ಲಿ ಬದಲಿಸಿ ಕೆಂಪು ಸಿ ಲೈನ್. ಬಸ್ ಮೂರು ಬೋಗಿ ಜೋಡಿಸಿದಷ್ಟು ಉದ್ದ, ಮೇಲಿನ ತಂತಿಯಿಂದ ವಿದ್ಯುತ್ ತೆಗೆದುಕೊಂಡು ಸದ್ದಿಲ್ಲದೆ ಓಡುತ್ತದೆ. ಕಾಗದದ ಟಿಕೆಟ್ ಕೊಂಡರೆ ಸಾಲದು, ಹಳದಿ ಡಬ್ಬಿಯಲ್ಲಿ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ. ಒಂದು ಕೊರುನಾ ಅಂದರೆ ಹತ್ತಿರಹತ್ತಿರ ನಾಲ್ಕು ರೂಪಾಯಿ. ಬೀದಿಯಲ್ಲಿ ದುಡ್ಡು ಬದಲಿಸಿಕೊಡುತ್ತೇನೆ ಅಂತ ಬರುವವರ ಹತ್ತಿರ ಹೋಗದಿದ್ದರೆ ಆಯಿತು, ಕಾರ್ಡ್ ಎಲ್ಲ ಕಡೆ ನಡೆಯುತ್ತದೆ.

ನನ್ನ ಕೋಣೆ ಇದ್ದದ್ದು ನುಸ್ಲೆ ಕಣಿವೆಯ ಪಕ್ಕದಲ್ಲಿ. ಮೇಲೆ ನೋಡಿದರೆ ಕಣಿವೆಗೆ ಅಡ್ಡಲಾಗಿ ದೈತ್ಯ ಸೇತುವೆ. ಮೇಲೆ ಕಾರು, ಅದರ ಹೊಟ್ಟೆಯೊಳಗೆ ಮೆಟ್ರೋ. 1973ರಲ್ಲಿ ತೆರೆದ ಈ ಸೇತುವೆಯನ್ನು ಅದಕ್ಕೂ ಮುಂಚೆ 66 ಟ್ಯಾಂಕುಗಳನ್ನು ಒಟ್ಟಿಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಸೇತುವೆಯ ಒಂದು ತುದಿಯಲ್ಲೇ ಸಮ್ಮೇಳನದ ಜಾಗ, ಪ್ರಾಗ್ ಕಾಂಗ್ರೆಸ್ ಸೆಂಟರ್.

ರಾತ್ರಿ ಎಂಟೂವರೆಗೂ ಬಿಸಿಲು. ಹೊಟ್ಟೆ ಮಾತ್ರ ನಮ್ಮೂರಿನ ಗಡಿಯಾರದಲ್ಲೇ ಇತ್ತು, ಅಲ್ಲಿಗಿಂತ ಮೂರೂವರೆ ಗಂಟೆ ಮುಂದೆ. ಮೂಲೆಯಲ್ಲಿ ಒಂದು ಕಿರಾಣಿ ಅಂಗಡಿ. ಪ್ರಾಗ್‌ನಲ್ಲಿ ಇಂಥ ಅಂಗಡಿಗಳನ್ನು ಹೆಚ್ಚಾಗಿ ವಿಯೆಟ್ನಾಂ ಮೂಲದವರು ನಡೆಸುತ್ತಾರೆ, ತಡರಾತ್ರಿವರೆಗೂ ತೆರೆದಿರುತ್ತವೆ. ಅಂಗಡಿಯಮ್ಮ ನನ್ನ ಕೈಯಲ್ಲಿದ್ದ ಬ್ರೆಡ್, ಮೊಸರು ನೋಡಿ ತಾನಾಗಿಯೇ ಒಳಗೆ ಹೋಗಿ ಹಸಿಮೆಣಸಿನಕಾಯಿ ತಂದು ತೋರಿಸಿದರು. ನನ್ನ ಮುಖ ಅರಳಿದ್ದನ್ನು ನೋಡಿ ಒಂದು ಹಿಡಿ ಹಾಗೇ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ಆಡಿಸಿದರು. ನಮ್ಮಿಬ್ಬರಿಗೂ ಸಾಮಾನ್ಯವಾದ ಭಾಷೆ ಇರಲಿಲ್ಲ. ಮೊಸರು, ಬ್ರೆಡ್, ಹಸಿಮೆಣಸಿನಕಾಯಿ ತಿಂದು ಮಲಗಿದೆ.

ಮಂಗಳವಾರ: ಊರು ಸುತ್ತಾಟ

ಟ್ಯುಟೋರಿಯಲ್ ಟಿಕೆಟ್ ಇಲ್ಲದ ನನಗೆ ಈ ದಿನ ಬಿಡುವು. ಬೆಳಿಗ್ಗೆ ಏಳಕ್ಕೇ ಚಾರ್ಲ್ಸ್ ಸೇತುವೆಗೆ ಹೋದೆ. 1357ರಲ್ಲಿ ಅಡಿಗಲ್ಲು ಹಾಕಿದ್ದು. ಒಂಬತ್ತರ ಮೇಲೆ ಕಾಲಿಡಲು ಜಾಗ ಇರಲ್ಲ ಅಂತ ಕೇಳಿದ್ದೆ. ಅದು ನಿಜ. ಬೇಗ ಹೋದರೆ ನದಿ, ಹಂಸ, ಪೊರಕೆ ಹಿಡಿದ ಪೌರಕಾರ್ಮಿಕರು, ಮತ್ತೆ ನೀವು, ಅಷ್ಟೇ.

ಹಳೇ ಪೇಟೆಯ ಚೌಕದಲ್ಲಿ 1410ರ ಖಗೋಳ ಗಡಿಯಾರ. ಗಂಟೆ ಹೊಡೆಯುವಾಗ ಮೇಲಿನ ಕಿಟಕಿಯಲ್ಲಿ ಗೊಂಬೆಗಳು ಬಂದು ಹೋಗುತ್ತವೆ, ಜನ ಅದನ್ನು ನೋಡಿ ಚದುರುತ್ತಾರೆ. ನಾನು ಜನ ಚದುರಿದ ಮೇಲೆ ನಿಂತು ನೋಡಿದೆ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರನ ಕಲೆ ಎಷ್ಟು, ಸೂರ್ಯೋದಯ ಎಷ್ಟು ಹೊತ್ತಿಗೆ, ಎಲ್ಲ ಒಂದೇ ಮುಖದ ಮೇಲೆ ಹಲ್ಲುಚಕ್ರಗಳಿಂದ ತೋರಿಸಿದ್ದಾರೆ. ಗೋಡೆಯ ಮೇಲೆ ತಿರುಗುವ ಪಂಚಾಂಗ ಅದು. ಆರು ನೂರು ವರ್ಷದ ಹಿಂದೆ ಇಷ್ಟು ಲೆಕ್ಕವನ್ನು ಕಬ್ಬಿಣದಲ್ಲಿ ಕಟ್ಟಿದವರ ಮುಂದೆ ಪ್ರೋಗ್ರಾಂ ಬರೆಯುವವರು ಸ್ವಲ್ಪ ಹೊತ್ತು ನಿಲ್ಲಲೇಬೇಕು ಅಂತ ನನಗೆ ಅನ್ನಿಸಿತು.

ಊಟದ ವಿಷಯ. ಮಾಂಸ ತಿನ್ನದವರಿಗೆ ಹಳೇ ಹೋಟೆಲುಗಳಲ್ಲಿ ಸಿಗುವುದು 'ಸ್ಮಾಜೆನಿ ಸೀರ್', ಅಂದರೆ ದಪ್ಪ ಚೀಸ್ ಹೋಳನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದದ್ದು. ಜೊತೆಗೆ ಆಲೂಗಡ್ಡೆ. ಬಿಸಿ ಇದ್ದಾಗ ಬಹಳ ರುಚಿ. ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ಹುಯ್ಯುವ 'ಬ್ರಾಂಬೊರಾಕ್' ನನಗೆ ಇನ್ನೂ ಹಿಡಿಸಿತು, ಅದರಲ್ಲಿ ಮೊಟ್ಟೆ ಇರುತ್ತದೆ ಅನ್ನುವುದು ಗೊತ್ತಿರಲಿ. 'ಬೆಜ್ ಮಸಾ' ಅಂದರೆ ಮಾಂಸ ಇಲ್ಲದೆ ಅಂತ. ಸೂಪಿನಲ್ಲಿ ಮಾಂಸದ ತುಂಡು ಕಾಣದಿದ್ದರೂ ಮಾಂಸ ಕುದಿಸಿದ ನೀರು ಇರಬಹುದು, ಬಾಯಿಬಿಟ್ಟು ಕೇಳಬೇಕು.

ಮಧ್ಯಾಹ್ನದ ಮೇಲೆ ಜೋರು ಮಳೆ. ನಮ್ಮ ಕಡೆಯ ಶ್ರಾವಣದ ಹಾಗೆ ಹಿಡಿದು ಕೂರಲಿಲ್ಲ, ಅರ್ಧ ಗಂಟೆ ಸುರಿದು ನಿಂತಿತು. ಸಂಜೆ ವಿಷೆಹ್ರಾದ್ ಕೋಟೆಗೆ ಹೋದೆ, ಕಾಂಗ್ರೆಸ್ ಸೆಂಟರ್‌ನಿಂದ ನಡೆದೇ ಹೋಗಬಹುದು. ಅಲ್ಲಿನ ಸ್ಮಶಾನದಲ್ಲಿ ಜೆಕ್ ದೇಶದ ದೊಡ್ಡ ಕಲಾವಿದರ ಸಮಾಧಿಗಳಿವೆ. 1920ರ ತನ್ನ ನಾಟಕದಲ್ಲಿ 'ರೋಬೋಟ್' ಅನ್ನುವ ಹೆಸರನ್ನು ಜಗತ್ತಿಗೆ ಕೊಟ್ಟ ಕರೆಲ್ ಚಾಪೆಕ್ ಸಮಾಧಿಯೂ ಅಲ್ಲಿದೆ. ಸಮ್ಮೇಳನಕ್ಕೆ ಬಂದಿದ್ದ ಇನ್ನಿಬ್ಬರು ಅದನ್ನೇ ಹುಡುಕುತ್ತಿದ್ದರು. ಮೂವರೂ ಸೇರಿ ಹುಡುಕಿದೆವು.

ಬುಧವಾರ: ಮೊದಲ ಭಾಷಣಗಳು

ಕಾಂಗ್ರೆಸ್ ಸೆಂಟರ್ 1981ರಲ್ಲಿ ಕಮ್ಯುನಿಸ್ಟ್ ಕಾಲದಲ್ಲಿ ಕಟ್ಟಿದ ಭಾರೀ ಕಟ್ಟಡ. ಗಾಜಿನ ಕಿಟಕಿಗಳಿಂದ ದೂರದ ಅರಮನೆ ಕಾಣುತ್ತದೆ. ಸಾವಿರಕ್ಕೂ ಹೆಚ್ಚು ಜನ. ಬ್ಯಾಡ್ಜ್ ಸಾಲು ಬೆಳಿಗ್ಗೆ ಉದ್ದ ಇರುತ್ತದೆ, ಎಂಟಕ್ಕೇ ಹೋದರೆ ಬೇಗ ಮುಗಿಯುತ್ತದೆ.

ಹೆಚ್ಚು ಮಾತು ನಡೆದದ್ದು ಪೈಥಾನ್ ಭಾಷೆಯ ಹೊಸ ಆವೃತ್ತಿ 3.14ರ ಬಗ್ಗೆ. ಆಗ ಅದು ಬೀಟಾ, ಅಂದರೆ ಬಿಡುಗಡೆಗೆ ಮುಂಚಿನ ಪರೀಕ್ಷೆಯ ಹಂತದಲ್ಲಿತ್ತು, ಅಕ್ಟೋಬರ್‌ನಲ್ಲಿ ಬಿಡುಗಡೆಯಾಯಿತು. ಪೈಥಾನ್‌ನಲ್ಲಿ ಬಹಳ ಹಿಂದಿನಿಂದಲೂ ಜಿಐಎಲ್ ಅನ್ನುವ ಒಂದು ಬೀಗ ಇದೆ. ಒಂದು ಪ್ರೋಗ್ರಾಂನೊಳಗೆ ಎಷ್ಟೇ ಥ್ರೆಡ್ (ಏಕಕಾಲಕ್ಕೆ ಸಾಗುವ ಕೆಲಸದ ಎಳೆ) ಇದ್ದರೂ ಒಂದು ಸಲಕ್ಕೆ ಒಂದು ಥ್ರೆಡ್ ಮಾತ್ರ ಪೈಥಾನ್ ಕೋಡ್ ಓಡಿಸಬಹುದು. ಆ ಬೀಗ ಇಲ್ಲದ ಆವೃತ್ತಿ 2024ರ 3.13ರಲ್ಲಿ ಪ್ರಯೋಗವಾಗಿ ಬಂತು, 3.14ರಲ್ಲಿ ಅಧಿಕೃತ ಬೆಂಬಲ ಸಿಕ್ಕಿತು. ನಮ್ಮ ಆಫೀಸಿನಲ್ಲಿ ಸಾವಿರಾರು ಚೀಟಿ ಒಟ್ಟಿಗೆ ಮುದ್ರಿಸುವಾಗ ಎಂಟು ಕೋರಿನ, ಅಂದರೆ ಲೆಕ್ಕ ಮಾಡುವ ಎಂಟು ಭಾಗಗಳ ಯಂತ್ರದಲ್ಲಿ ಏಳು ಸುಮ್ನೆ ಕೂರುತ್ತವೆ. ಅದನ್ನು ಈಗ ಬಗೆಹರಿಸಲು ಕೆಲಸವನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ಒಡೆದು ಹಂಚುತ್ತೇವೆ, ಅದು ಕಂಪ್ಯೂಟರಿನ ಮೆಮೊರಿ ಜಾಸ್ತಿ ತಿನ್ನುತ್ತದೆ. ಹಾಗಾಗಿ ಇದನ್ನು ಮುಂದಿನ ಸಾಲಿನಲ್ಲಿ ಕೂತು ಕೇಳಿದೆ.

ಆದರೆ ಆ ದಿನ ನನಗೆ ನೆನಪಿರುವುದು ಊಟದ ಮೇಜು. ಎದುರು ಕೂತಿದ್ದವರು ಜೆಕ್ ದೇಶದ್ದೇ ಆದ ಬರ್ನೋ ಊರಿನ ಒಬ್ಬ ಎಂಜಿನಿಯರ್. ಏನು ಕೆಲಸ ಅಂತ ಕೇಳಿದರು. ಕಾಗದದ ಕರವಸ್ತ್ರದ ಮೇಲೆ 'ಹುಬ್ಬಳ್ಳಿ' ಬರೆದು ಮೂರು ಮತ್ತು ಒಂಬತ್ತರ ಕಥೆ ಹೇಳಿದೆ. ಅವರು ತಕ್ಷಣ ಪೆನ್ನು ತೆಗೆದುಕೊಂಡು ಕೆಳಗೆ ಸಿ ಮತ್ತು ಹೆಚ್ ಬರೆದರು. ಜೆಕ್ ವರ್ಣಮಾಲೆಯಲ್ಲಿ ಇವೆರಡೂ ಸೇರಿ ಒಂದೇ ಅಕ್ಷರವಂತೆ. ನಿಘಂಟಿನಲ್ಲಿ ಅದು ಸಿ ಹತ್ತಿರ ಬರುವುದಿಲ್ಲ, ಹೆಚ್ ಆದಮೇಲೆ ಬರುತ್ತದೆ. ಪದಬಂಧದಲ್ಲಿ ಒಂದೇ ಮನೆಯಲ್ಲಿ ಬರೆಯುತ್ತಾರೆ. ಕಂಪ್ಯೂಟರ್ ಮಾತ್ರ ಎರಡು ಅನ್ನುತ್ತದೆ. ಪಕ್ಕದಲ್ಲಿದ್ದ ಥಾಯ್ಲೆಂಡಿನ ಹುಡುಗ ತನ್ನ ಭಾಷೆಯಲ್ಲಿ ಪದಗಳ ನಡುವೆ ಜಾಗವನ್ನೇ ಬಿಡುವುದಿಲ್ಲ, ಪದ ಎಲ್ಲಿ ಮುಗಿಯಿತು ಅಂತ ಹೇಳಲು ಬೇರೆಯೇ ಪ್ರೋಗ್ರಾಂ ಬೇಕು ಅಂದ. ಊಟದ ಸಮಯ ಮುಗಿದರೂ ನಾವು ಏಳಲಿಲ್ಲ. ಮುಂದಿನ ಭಾಷಣ ತಪ್ಪಿತು, ಅದನ್ನು ಆಮೇಲೆ ವಿಡಿಯೋದಲ್ಲಿ ನೋಡಿದೆ. ಈ ಮಾತು ವಿಡಿಯೋದಲ್ಲಿ ಎಲ್ಲಿ ಸಿಗಬೇಕು?

ಗುರುವಾರ: ರೊಟ್ಟಿ ಬಂತು

ಬೆಳಿಗ್ಗೆ ಕೋಣೆಯ ಬಾಗಿಲಿಗೆ ಚೀಲ ಬಂತು. ಒಂದು ಚಕ್ರ ಮುರಿದಿತ್ತು. ಒಳಗೆ ಕಡಕ್ ರೊಟ್ಟಿಗಳು ಚೂರುಚೂರು. ಚಟ್ನಿ ಪೊಟ್ಟಣ ಒಡೆದು ಶೇಂಗಾ, ಗುರೆಳ್ಳು ಎರಡೂ ಒಂದಾಗಿದ್ದವು. ಅಂಗಿಗಳಿಗೆಲ್ಲ ಬೆಳ್ಳುಳ್ಳಿ ಘಮ. ಶೇಂಗಾ ಉಂಡೆ ಡಬ್ಬಿ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ರೊಟ್ಟಿ ಚೂರುಗಳನ್ನು ಡಬ್ಬಿಗೆ ತುಂಬಿ ಒಯ್ದೆ. ಮಧ್ಯಾಹ್ನದ ಬಿಡುವಿನಲ್ಲಿ ಚಟ್ನಿ ಜೊತೆ ಇಟ್ಟೆ. ನಮ್ಮಲ್ಲಿ ರೊಟ್ಟಿ ಮುರಿದರೂ ಯಾರೂ ಬಿಸಾಕುವುದಿಲ್ಲ, ಮೊಸರಿನಲ್ಲಿ ನೆನೆಸಿ ತಿನ್ನುತ್ತೇವೆ. ಒಂದು ಕಟ್ಟುನಿಟ್ಟಿನ ಮಾತು. ಅಲ್ಲಿ ಶೇಂಗಾ ಅಲರ್ಜಿ ಇರುವವರು ಇರುತ್ತಾರೆ, ಕೆಲವರಿಗೆ ಅದು ಪ್ರಾಣಕ್ಕೇ ಅಪಾಯ. ಡಬ್ಬಿಯ ಮೇಲೆ ದೊಡ್ಡದಾಗಿ ಶೇಂಗಾ ಇದೆ ಅಂತ ಇಂಗ್ಲಿಷ್‌ನಲ್ಲಿ ಬರೆದು ಅಂಟಿಸಿದ್ದೆ, ಕೇಳಿಯೇ ಕೊಡುತ್ತಿದ್ದೆ. ಒಬ್ಬರು ಥ್ಯಾಂಕ್ಸ್ ಹೇಳಿ ದೂರ ಕೂತರು. ಉಳಿದವರು ಡಬ್ಬಿ ಖಾಲಿ ಮಾಡಿದರು. ಜೋಳ ಅಂದರೆ ಯಾವ ಧಾನ್ಯ, ನೀರು ಎಷ್ಟು ಕುದಿಯಬೇಕು, ಕೈಯಲ್ಲಿ ಬಡಿಯುವುದು ಹೇಗೆ ಅಂತ ಕೇಳಿದರು. ಮೇಜಿನ ಮೇಲೆ ಬಡಿದು ತೋರಿಸಿದೆ. ಸುತ್ತಲಿನವರು ತಿರುಗಿ ನೋಡಿದರು.

ಸಂಜೆ ಮಿಂಚು ಭಾಷಣಗಳು, ಒಬ್ಬೊಬ್ಬರಿಗೆ ಐದು ನಿಮಿಷ. ಯಾರು ಬೇಕಾದರೂ ಹೆಸರು ಕೊಡಬಹುದು, ಆದರೆ ಜಾಗ ಕಡಿಮೆ. ಶುಕ್ರವಾರಕ್ಕೆ ಹೆಸರು ಕೊಟ್ಟೆ. ರಾತ್ರಿ ಗದಗಿನ ಹುಡುಗಿಗೆ ಫೋನ್ ಮಾಡಿದೆ, ಅಲ್ಲಿ ಆಗಲೇ ಮಧ್ಯರಾತ್ರಿ ದಾಟಿತ್ತು. ಎದ್ದೇ ಇದ್ದಳು. ಅವಳ ಅಜ್ಜ ಗದಗಿನ ಮುದ್ರಣಾಲಯದಲ್ಲಿ ಮೊಳೆ, ಅಂದರೆ ಅಚ್ಚಿನ ಲೋಹದ ಅಕ್ಷರ ಜೋಡಿಸುತ್ತಿದ್ದವರು. ಗದಗು ಅಂದರೆ ಛಾಪಖಾನೆಗಳ ಊರು. "ಅಜ್ಜ ಬ್ಬ ಮಾಡೂ ಮುಂದ ಮ್ಯಾಲೊಂದು ಮೊಳಿ, ಬಾಜೂಕ ಒತ್ತಿಂದೊಂದು ಸಣ್ಣ ಮೊಳಿ ಇಡತಿದ್ರಂತ ಅಕ್ಕಾ. ಆದ್ರ ಸಾಲು ಮುರಿಯೂ ಮುಂದ ಎರಡನ್ನೂ ಎಂದೂ ಅಗಲಸ್ತಿರಲಿಲ್ಲ. ಇದನ್ನ ಹೇಳ್ರಿ" ಅಂದಳು.

ಶುಕ್ರವಾರ: ಐದು ನಿಮಿಷ

ಸ್ಲೈಡ್ ಮಾಡಿರಲಿಲ್ಲ. ಟರ್ಮಿನಲ್ (ಕಂಪ್ಯೂಟರಿಗೆ ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು 'ಹುಬ್ಬಳ್ಳಿ' ಟೈಪ್ ಮಾಡಿದೆ. ಟರ್ಮಿನಲ್‌ನಲ್ಲಿ ಕನ್ನಡ ಸರಿಯಾಗಿ ಕೂರುವುದಿಲ್ಲ. ದೊಡ್ಡ ಪರದೆಯ ಮೇಲೆ ಒತ್ತುಗಳು ಪಕ್ಕಕ್ಕೆ ಸರಿದು, ಗುಡಿಸು ಬೇರೆಯಾಗಿ ಕಾಣಿಸಿತು. ಅದನ್ನೇ ತೋರಿಸಿ ಶುರು ಮಾಡಿದೆ.

ಪೈಥಾನ್ ಎಣಿಸಿದರೆ 9. ಹೊರಗಿನ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿ, ಎಲ್ಲ ಭಾಷೆಯ ಅಕ್ಷರಗಳಿಗೆ ಕಂಪ್ಯೂಟರಿನಲ್ಲಿ ಇರುವ ಮಾನಕ ಯೂನಿಕೋಡ್‌ನ ಸಾಮಾನ್ಯ ನಿಯಮದಂತೆ ಗುಂಪು ಮಾಡಿದರೆ 5. ಹು, ಬ್, ಬ, ಳ್, ಳಿ. ಶಾಲೆಯ ಮಗು ಎಣಿಸಿದರೆ 3. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರವನ್ನು ಒಡೆಯದೆ ಒಂದೇ ಗುಂಪಾಗಿ ಇಡುವ ಹೊಸ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ, ಈ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ತೆಲುಗು ಲಿಪಿ ನಮ್ಮ ಲಿಪಿಯ ಅಕ್ಕ ತಂಗಿ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ಕೂಡಿಕೊಳ್ಳುವ ಒತ್ತು ಇಲ್ಲಿ ಒಡೆಯುತ್ತದೆ. ಆಮೇಲೆ ಬ್ಯಾಡಗಿಯ ಹಿರಿಯರ ಅರ್ಧ ಹೆಸರು ತೋರಿಸಿದೆ, ಪೂರ್ತಿ ಹೆಸರು ಹೇಳಿದೆ. ಕೊನೆಗೆ ಗದಗಿನ ಅಜ್ಜನ ಎರಡು ಮೊಳೆಗಳ ಮಾತು. ಗಂಟೆ ಬಾರಿಸುವ ಮೊದಲೇ ಮುಗಿಯಿತು.

ಇಳಿದು ಬಂದಾಗ ಜನ ಕಾಯುತ್ತಿದ್ದರು. ಒಬ್ಬರು ಬರ್ಮಾದ ಲಿಪಿಯ ಬಗ್ಗೆ, ಇನ್ನೊಬ್ಬರು ಕಾಂಬೋಡಿಯಾದ ಖ್ಮೇರ್ ಬಗ್ಗೆ. ಫಿನ್ಲೆಂಡಿನ ಒಬ್ಬ ಹಿರಿಯ ತಾನು ನೋಡಿಕೊಳ್ಳುವ ಪಠ್ಯ ಕತ್ತರಿಸುವ ಲೈಬ್ರರಿಯ ಪರೀಕ್ಷೆಗಳಲ್ಲಿ (ಕೋಡ್ ಸರಿಯಾಗಿ ಓಡುತ್ತದೆಯೇ ಅಂತ ನೋಡುವ ಮಾದರಿಗಳಲ್ಲಿ) ಹಿಂದಿ ಇದೆ, ಕನ್ನಡ ಒಂದೂ ಇಲ್ಲ ಅಂದರು. "ಯಾರೂ ಕೇಳಿರಲಿಲ್ಲ" ಅಂದರು. ಆ ಮಾತಿನಲ್ಲಿ ತಪ್ಪಿಸಿಕೊಳ್ಳುವ ಧಾಟಿ ಇರಲಿಲ್ಲ, ನಿಜವಾಗಿಯೂ ಯಾರೂ ಕೇಳಿರಲಿಲ್ಲ. ಇದಕ್ಕೇ ನನಗೆ ಆ ಲೆಕ್ಕದ ಕುರ್ಚಿಗಳಲ್ಲಿ ಒಂದೆರಡಾದರೂ ನಮ್ಮ ಕಡೆಯವರಿಗೆ ಸಿಗಬೇಕು ಅನ್ನಿಸುವುದು. ಬೆಂಗಳೂರಿನ ದೊಡ್ಡ ಕಂಪನಿಯವರು ಹೋಗುತ್ತಾರೆ, ಸಂತೋಷ. ಆದರೆ ಸಹಕಾರಿ ಸಂಘದ ಚೀಟಿಯಲ್ಲಿ ಹೆಸರು ತುಂಡಾಗುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಅದು ಕಾಣುವುದು ಹುಬ್ಬಳ್ಳಿ, ಗದಗು, ಹಾವೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ. ಯೂರೋಪೈಥಾನ್‌ನಲ್ಲಿ ಆರ್ಥಿಕ ನೆರವಿನ ಯೋಜನೆಯೂ ಇದೆ. ಅರ್ಜಿ ಹಾಕಲು ಯಾರೂ ಹಿಂಜರಿಯಬಾರದು.

ಶನಿವಾರ: ಸ್ಪ್ರಿಂಟ್

ಭಾಷಣ ಮುಗಿದ ಮೇಲೆ ಬಹಳ ಜನ ಊರಿಗೆ ಹೊರಡುತ್ತಾರೆ. ಹೋಗಬೇಡಿ. ಶನಿವಾರ, ಭಾನುವಾರ ಸ್ಪ್ರಿಂಟ್ ಇರುತ್ತದೆ. ಬೇರೆ ಬೇರೆ ಯೋಜನೆಗಳನ್ನು ನಡೆಸುವವರು ಒಂದೊಂದು ಮೇಜಿನಲ್ಲಿ ಕೂರುತ್ತಾರೆ, ಬೇಕಾದವರ ಜೊತೆ ಕೂತು ಕೋಡ್ ಬರೆಯಬಹುದು. ಹೊಸಬರಿಗೆ ಕೈ ಹಿಡಿದು ಹೇಳಿಕೊಡುತ್ತಾರೆ.

ಫಿನ್ಲೆಂಡಿನ ಹಿರಿಯರ ಪಕ್ಕ ಕೂತೆ. ಮೊದಲು ಕನ್ನಡದ ಪರೀಕ್ಷೆಗಳನ್ನು ಬರೆದೆವು. ಹುಬ್ಬಳ್ಳಿ, ಮಲ್ಲಿಕಾರ್ಜುನ, ಶಾಸ್ತ್ರ, ರಾಷ್ಟ್ರ. ಮೂರು ವ್ಯಂಜನ ಕೂಡುವ 'ಸ್ತ್ರ' ನೋಡಿ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಅರ್ಕಾವತ್ತಿನ 'ರ್ಜು' ಇನ್ನೂ ಸೋಜಿಗ. ಮೊದಲು ಬರುವ ರ ಬರವಣಿಗೆಯಲ್ಲಿ ಕೊನೆಗೆ ಹೋಗಿ ಕೂರುವುದು ಯಾಕೆ ಅಂತ ಕೇಳಿದರು. ಕಾಗದದ ಮೇಲೆ ಎರಡೂ ರೀತಿ ಬರೆದು ತೋರಿಸಿದೆ. ಹಲಂತದ ನಂತರ ವ್ಯಂಜನ ಬಂದರೆ ಕತ್ತರಿಸಬೇಡ ಅನ್ನುವ ನಿಯಮ ಹಾಕಿದೆವು. ಬರೀ ಅಷ್ಟಕ್ಕೆ ಮುಗಿಯಲಿಲ್ಲ. 'ರಾಜ್‌ಕುಮಾರ್' ಅಂತ ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ, ಒತ್ತು ಆಗಬಾರದು ಅಂತ. ಅಲ್ಲಿ ಅವು ಬೇರೆ ಬೇರೆ ಅಕ್ಷರಗಳೇ. ಅದಕ್ಕೆ ಇನ್ನೊಂದು ನಿಯಮ. ಸಂಜೆ ಐದಕ್ಕೆ ಪರೀಕ್ಷೆಗಳೆಲ್ಲ ಹಸಿರಾದವು, ಅಂದರೆ ಪಾಸಾದವು. ಇಬ್ಬರೂ ಎದ್ದು ನಿಂತು ಕೈ ಕುಲುಕಿದೆವು.

ಭಾನುವಾರ ಮಧ್ಯಾಹ್ನ ವಿಮಾನ. ಹೋಗುವ ಮುಂಚೆ ಮೂಲೆಯ ಅಂಗಡಿಗೆ ಹೋಗಿ ಅಂಗಡಿಯಮ್ಮನಿಗೆ ಉಳಿದಿದ್ದ ಶೇಂಗಾ ಉಂಡೆ ಕೊಟ್ಟೆ. ಮುರಿದು ಬಾಯಿಗೆ ಹಾಕಿಕೊಂಡು ಹುಬ್ಬು ಏರಿಸಿದರು. ಇನ್ನೊಂದನ್ನು ಗಲ್ಲೆಯ ಡ್ರಾಯರ್‌ನಲ್ಲಿ ಎತ್ತಿಟ್ಟರು.

ಹುಬ್ಬಳ್ಳಿಗೆ ಬಂದಮೇಲೆ

ಚೀಲದ ಚಕ್ರವನ್ನು ದುರ್ಗದಬೈಲಿನ ಹತ್ತಿರ ಒಬ್ಬರು ಕೂತ ಜಾಗದಲ್ಲೇ ಹಾಕಿಕೊಟ್ಟರು. ನಾವು ಬರೆದ ಬದಲಾವಣೆಗಳು ಲೈಬ್ರರಿಗೆ ಸೇರಿದವು. ಆಫೀಸಿನ ಚೀಟಿ ಮುದ್ರಿಸುವ ಪ್ರೋಗ್ರಾಂನಲ್ಲಿ ಅದನ್ನೇ ಹಾಕಿದ್ದೇವೆ. ಈಗ ಜಾಗ ಸಾಲದಿದ್ದರೆ ಹೆಸರು ಕತ್ತರಿಸುವ ಬದಲು ಅಕ್ಷರದ ಗಾತ್ರ ಚಿಕ್ಕದಾಗುತ್ತದೆ. ಗದಗಿನ ಹುಡುಗಿಯ ಸಲಹೆ ಅದು. ಕತ್ತರಿಸುವುದೇ ಬೇಡ ಅಂತ ಅವಳ ವಾದ, ನನಗೂ ಅದೇ ಸರಿ ಅನ್ನಿಸಿತು.

ಅವಳ ಪಾಸ್‌ಪೋರ್ಟ್ ಬಂದಿದೆ. ಅದಕ್ಕೆ ಬೆಂಗಳೂರಿಗೆ ಹೋಗುವ ಅಗತ್ಯ ಇಲ್ಲ, ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. 2026ರ ಯೂರೋಪೈಥಾನ್ ಜುಲೈನಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿ. ಅದೂ ಷೆಂಗೆನ್ ದೇಶ, ಇದೇ ಕಾಗದಪತ್ರ. ಈ ಸಲ ಅವಳೇ ಹೋಗಲಿ ಅಂತ ಆಫೀಸಿನವರೆಲ್ಲ ಸೇರಿ ಟಿಕೆಟ್ಟಿಗೆ ದುಡ್ಡು ಕೂಡಿಸುತ್ತಿದ್ದೇವೆ. ಮಿಂಚು ಭಾಷಣಕ್ಕೆ ಸಾಕಾಗಲ್ಲ, ಅರ್ಧ ಗಂಟೆಯ ಪೂರ್ತಿ ಭಾಷಣಕ್ಕೇ ಪ್ರಸ್ತಾವ ಕಳಿಸ್ತೀನಿ ಅಂತ ಬರೆಯಲು ಕೂತಿದ್ದಾಳೆ. ಮೊದಲ ಸ್ಲೈಡಿಗೆ ಅಜ್ಜನ ಮೊಳೆಗಳ ಫೋಟೋ ತೆಗೆಯಲು ಮುಂದಿನ ಭಾನುವಾರ ಇಬ್ಬರೂ ಗದಗಿಗೆ ಹೋಗುತ್ತಿದ್ದೇವೆ.